ಒಡನಡೆಯ ಅಳತೆ

ಊರಿಗೆ ಹೆಸರು ಬಂದುದು ಹೇಗೆಂದು ಕೇಳಿದರೆ ನಮ್ಮ ಹಳ್ಳಿಗಳಲ್ಲಿ ಉತ್ತರ ಹೇಳಲು ಒಬ್ಬರಲ್ಲದಿದ್ದರೆ ಇನ್ನೊಬ್ಬರು ಸಿಕ್ಕುತ್ತಾರೆ. ಬೆಟ್ಟಕ್ಕೊಂದು ಕಥೆ, ಕೆರೆಗೊಂದು ಕಥೆ, ಕೆರೆಯ ಏರಿಯ ಮೇಲಿನ ಅಮ್ಮನಿಗೊಂದು ಕಥೆ. ಆದರೆ ಒಂದು ಸೂತ್ರಕ್ಕೆ, ಒಂದು ಅಳತೆಗೆ, ಆ ಹೆಸರು ಏಕೆ ಬಂತೆಂದು ಕೇಳುವವರು ವಿರಳ. ಪಠ್ಯಪುಸ್ತಕದಲ್ಲಿ ಅಚ್ಚಾದುದನ್ನು ಹುಡುಗರು ಉರುಹೊಡೆಯುತ್ತಾರೆ, ಪರೀಕ್ಷೆ ಮುಗಿದ ಮರುದಿನ ಮರೆಯುತ್ತಾರೆ. ‘ಕಾರ್ಲ್ ಪಿಯರ್ಸನ್ನನ ಸಹಸಂಬಂಧ ಗುಣಾಂಕ’ ಎಂಬುದು ಅಂಥದೊಂದು ಹೆಸರು. ಪದವಿಪೂರ್ವ ತರಗತಿಯ ಸಂಖ್ಯಾಶಾಸ್ತ್ರದಲ್ಲಿ ಅದಕ್ಕೊಂದು ಅಧ್ಯಾಯವೇ ಉಂಟು.

ನಾನು ಕನ್ನಡ ಪಾಠ ಹೇಳುವವನು. ಲೆಕ್ಕ ನನ್ನ ವೃತ್ತಿಯಲ್ಲ. ಆದರೆ ಶಬ್ದದ ಬೆನ್ನು ಹತ್ತಿ ಹೋಗುವುದು ನನ್ನ ವೃತ್ತಿಯೇ. ಈ ಶಬ್ದದ ಬೆನ್ನು ಹತ್ತಿದಾಗ ತಿಳಿದ ಸಂಗತಿಗಳನ್ನು ಓದುಗರ ಮುಂದಿಡಬೇಕೆನಿಸಿತು. ಚಳ್ಳಕೆರೆ ಮೊಳಕಾಲ್ಮುರುಗಳ ಸೀಮೆಯಲ್ಲಿ ಕುಳಿತವನಿಗೆ ಇದರಲ್ಲಿ ವಿಶೇಷ ಆಸಕ್ತಿ ಹುಟ್ಟಲು ಎರಡು ಕಾರಣಗಳಿವೆ. ಒಂದು ಮೊಳ, ಇನ್ನೊಂದು ಮಳೆ.

ಮೊಳದ ಕಥೆ

ಮೀಟರು ಬಂದು ಎಷ್ಟೋ ಕಾಲವಾದರೂ ನಮ್ಮಲ್ಲಿ ಮೊಳ ಸತ್ತಿಲ್ಲ. ಹೂ ಮಾರುವ ಹೆಂಗಸು ಇಂದಿಗೂ ಕಟ್ಟಿದ ಹೂವನ್ನು ಮೊಳಕೈಯಿಂದ ನಡುಬೆರಳ ತುದಿಯವರೆಗೆ ಎಳೆದು, “ಒಂದು ಮೊಳ, ಎರಡು ಮೊಳ” ಎಂದೇ ಅಳೆದು ಕೊಡುತ್ತಾಳೆ. ಮೊಳ ಯಾರದು ಎಂಬ ಪ್ರಶ್ನೆ ಅಲ್ಲಿ ತಾನಾಗಿ ಏಳುತ್ತದೆ. ಎತ್ತರದವಳ ಬಳಿ ಕೊಂಡರೆ ಲಾಭ, ಕುಳ್ಳಿಯ ಬಳಿ ಕೊಂಡರೆ ನಷ್ಟ ಎಂಬುದು ಕೊಳ್ಳುವವರ ಲೆಕ್ಕಾಚಾರ. ಈ ಲೆಕ್ಕಾಚಾರ ಸುಳ್ಳಲ್ಲ. ಎತ್ತರದವರ ಮೊಳ ಸಾಮಾನ್ಯವಾಗಿ ಉದ್ದವೇ. ಆದರೆ ಯಾವಾಗಲೂ ಅಲ್ಲ. ಎತ್ತರದ ಆಳಿಗೆ ಗಿಡ್ಡ ತೋಳಿರುವುದೂ ಉಂಟು. ಹಾಗಾದರೆ ಈ ‘ಸಾಮಾನ್ಯವಾಗಿ’ ಎಂಬ ಮಾತಿನ ಬೆಲೆ ಎಷ್ಟು? ಎತ್ತರ ಮತ್ತು ಮೊಳ ಎಷ್ಟು ಮಟ್ಟಿಗೆ ಜೊತೆಜೊತೆಯಾಗಿ ಏರುತ್ತವೆ, ಎಷ್ಟು ಮಟ್ಟಿಗೆ ತಮ್ಮ ತಮ್ಮ ದಾರಿ ಹಿಡಿಯುತ್ತವೆ? ಅದನ್ನು ಒಂದೇ ಅಂಕಿಯಲ್ಲಿ ಹೇಳಬಹುದೇ?

ಹೂವಿನ ಅಂಗಡಿಯ ಮುಂದೆ ನಿಂತವರಿಗೆ ಈ ಪ್ರಶ್ನೆ ಹೊಳೆಯದೆ ಇದ್ದುದರಲ್ಲಿ ಆಶ್ಚರ್ಯವಿಲ್ಲ. ಇದನ್ನು ಕೇಳಿ ಉತ್ತರವನ್ನೂ ಕಂಡವನು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1822ರಲ್ಲಿ ಹುಟ್ಟಿದ ಈತ ಚಾರ್ಲ್ಸ್ ಡಾರ್ವಿನ್ನನ ಬಂಧು. ಇಬ್ಬರಿಗೂ ಎರಾಸ್ಮಸ್ ಡಾರ್ವಿನ್ ತಾತ. ಕೈತುಂಬ ಹಣ, ಮನಸ್ಸಿನ ತುಂಬ ಕುತೂಹಲ. ಆಫ್ರಿಕಾ ಸುತ್ತಿ ಬಂದವನು, ಬೆರಳಚ್ಚು ಪರೀಕ್ಷಿಸಿದವನು. ಯಾವುದನ್ನು ಕಂಡರೂ ಎಣಿಸಬೇಕು, ಅಳೆಯಬೇಕು ಎಂಬ ಹುಚ್ಚು ಅವನದು. 1884ರಲ್ಲಿ ಲಂಡನ್ನಿನಲ್ಲಿ ಆರೋಗ್ಯ ಪ್ರದರ್ಶನವೊಂದು ನಡೆದಾಗ ಅಲ್ಲಿ ಒಂದು ಅಳತೆಯ ಕೋಣೆಯನ್ನೇ ತೆರೆದ. ಬಂದವರು ಮೂರು ಪೆನ್ನಿ ಕೊಟ್ಟು ಒಳಗೆ ಹೋಗಿ ತಮ್ಮ ಎತ್ತರ, ತೂಕ, ತೋಳಿನ ಹರವು, ಉಸಿರಿನ ಬಲ, ಕಣ್ಣಿನ ದೃಷ್ಟಿ ಎಲ್ಲವನ್ನೂ ಅಳೆಸಿಕೊಂಡು ಒಂದು ಚೀಟಿ ಪಡೆದು ಹೊರಬರುತ್ತಿದ್ದರು. ಹೀಗೆ ಅಳೆಸಿಕೊಂಡವರು 9,337 ಮಂದಿ! ಅಳೆಯುವವನೇ ಹಣ ಕೊಡಬೇಕಾದ ಕಡೆ ಅಳೆಸಿಕೊಳ್ಳುವವರಿಂದ ಹಣ ಪಡೆದ ಜಾಣತನವನ್ನು ಮೆಚ್ಚಲೇಬೇಕು.

1888ರ ಡಿಸೆಂಬರಿನಲ್ಲಿ ರಾಯಲ್ ಸೊಸೈಟಿಯ ಮುಂದೆ ಗಾಲ್ಟನ್ನನ ಪುಟ್ಟ ಪ್ರಬಂಧವೊಂದು ಬಂತು. ಸುಮಾರು 350 ಮಂದಿ ವಯಸ್ಕ ಗಂಡಸರ ಅಳತೆಗಳು ಅದರ ಆಧಾರ. ಎತ್ತರದೊಡನೆ ಅವನು ತೂಗಿ ನೋಡಿದ ಅಂಗಗಳಲ್ಲಿ ಎರಡು ನಮ್ಮ ಗಮನ ಸೆಳೆಯುವಂಥವು: ಒಂದು ಮೊಳ, ಇನ್ನೊಂದು ಮೊಳಕಾಲಿನ ಎತ್ತರ. ಮೊಳಕಾಲ್ಮುರು ಎಂದ ಕೂಡಲೆ ನಾಡಿನ ಹೆಂಗಸರಿಗೆ ನೆನಪಾಗುವುದು ಅಲ್ಲಿನ ಮಗ್ಗಗಳ ರೇಷ್ಮೆ ಸೀರೆ. ನನಗೆ ಈ ಪ್ರಬಂಧದ ವಿವರ ಓದಿದಂದಿನಿಂದ ಆ ಹೆಸರಿನಲ್ಲಿ ಮೊಳವೂ ಕೇಳಿಸುತ್ತದೆ, ಮೊಳಕಾಲೂ ಕೇಳಿಸುತ್ತದೆ. ಇದನ್ನು ಊರ ಹೆಸರಿನ ನಿಷ್ಪತ್ತಿಯೆಂದು ಯಾರೂ ತಿಳಿಯಬಾರದು. ಇದು ಬರಿಯ ಕಿವಿಯ ಸುಖ.

ಗಾಲ್ಟನ್ ಕಂಡದ್ದು ಇಷ್ಟು. ಎತ್ತರ ಹೆಚ್ಚು ಕಡಿಮೆಯಾಗುವ ಹರವು ದೊಡ್ಡದು, ಮೊಳ ಹೆಚ್ಚು ಕಡಿಮೆಯಾಗುವ ಹರವು ಚಿಕ್ಕದು. ಎರಡನ್ನೂ ಅಂಗುಲದಲ್ಲೇ ಅಳೆದರೆ ಹೋಲಿಕೆ ಸರಿಹೋಗದು. ಎತ್ತರವನ್ನು ಎತ್ತರದ ಹರವಿನಿಂದಲೇ ಅಳೆ, ಮೊಳವನ್ನು ಮೊಳದ ಹರವಿನಿಂದಲೇ ಅಳೆ. ಹಾಗೆ ಅಳೆದಾಗ ಎತ್ತರದಲ್ಲಿ ನಡುಮಟ್ಟಕ್ಕಿಂತ ಒಂದು ಪಾಲು ಮೇಲಿರುವವರ ಮೊಳ ಸರಾಸರಿಯಲ್ಲಿ 0.8 ಪಾಲು ಮೇಲಿರುತ್ತದೆ. ಸೋಜಿಗವೆಂದರೆ, ತಿರುಗಿಸಿ ನೋಡಿದರೂ ಅದೇ ಅಂಕಿ! ಮೊಳದಲ್ಲಿ ಒಂದು ಪಾಲು ಮೇಲಿರುವವರ ಎತ್ತರವೂ 0.8 ಪಾಲೇ ಮೇಲೆ. ಯಾವುದು ಮುಂದು, ಯಾವುದು ಹಿಂದು ಎಂಬ ಭೇದ ಈ ಅಂಕಿಗಿಲ್ಲ. ಮೊಳಕಾಲಿನ ಎತ್ತರಕ್ಕೂ ಆಳಿನ ಎತ್ತರಕ್ಕೂ ಅದು 0.9, ತಲೆಯ ಉದ್ದಕ್ಕೂ ಎತ್ತರಕ್ಕೂ 0.35 ಮಾತ್ರ. ಪೂರ್ತಿ ಜೊತೆಯಾಗಿ ನಡೆದರೆ ಒಂದು, ಸಂಬಂಧವೇ ಇಲ್ಲದಿದ್ದರೆ ಸೊನ್ನೆ. ಒಂದು ಏರಿದಂತೆ ಇನ್ನೊಂದು ಇಳಿದರೆ ಅಂಕಿಗೆ ಋಣ ಚಿಹ್ನೆ ಹತ್ತುತ್ತದೆ. ಹೂ ಕೊಳ್ಳುವವರ ‘ಸಾಮಾನ್ಯವಾಗಿ’ ಎಂಬ ಮಾತಿಗೆ ಹೀಗೆ ಒಂದು ಬೆಲೆ ಕಟ್ಟಿದಂತಾಯಿತು.

ಅಕ್ಷರದ ಕಥೆ

ಈ ಅಂಕಿಯನ್ನು ಇಂದಿಗೂ ಇಂಗ್ಲಿಷಿನ ‘ಆರ್’ ಎಂಬ ಅಕ್ಷರದಿಂದ ಸೂಚಿಸುತ್ತಾರೆ. ಸಹಸಂಬಂಧಕ್ಕೆ ಇಂಗ್ಲಿಷಿನಲ್ಲಿ ಕೋರಿಲೇಷನ್ ಎನ್ನುವುದಾದರೆ ‘ಸಿ’ ಬರಬೇಕಾಗಿತ್ತಲ್ಲ, ‘ಆರ್’ ಎಲ್ಲಿಂದ ಬಂತು? ಇದರ ಹಿಂದೆ ಬಟಾಣಿಯ ಒಂದು ಕಥೆಯಿದೆ.

1875ರಲ್ಲಿ ಗಾಲ್ಟನ್ ಒಂದು ಜಾತಿಯ ಹೂಬಟಾಣಿಯ ಬೀಜಗಳನ್ನು ಗಾತ್ರದ ಪ್ರಕಾರ ಏಳು ಬಗೆಯಾಗಿ ವಿಂಗಡಿಸಿ ಸ್ನೇಹಿತರಿಗೆ ಹಂಚಿ ಬಿತ್ತಿಸಿದ. ಬೆಳೆ ಬಂದಾಗ ನೋಡಿದರೆ, ದಪ್ಪ ಬೀಜದ ಮಕ್ಕಳು ದಪ್ಪವೇ, ಆದರೆ ತಾಯಿಯಷ್ಟು ಅಲ್ಲ. ಸಣ್ಣ ಬೀಜದ ಮಕ್ಕಳು ಸಣ್ಣವೇ, ಆದರೆ ತಾಯಿಯಷ್ಟು ಸಣ್ಣವಲ್ಲ. ಎಲ್ಲವೂ ನಡುಮಟ್ಟದ ಕಡೆಗೆ ಸ್ವಲ್ಪ ಸರಿದಿದ್ದವು. ಈ ಹಿಮ್ಮರಳಿಕೆಗೆ ಅವನು 1877ರಲ್ಲಿ ‘ರಿವರ್ಷನ್’ ಎಂದು ಹೆಸರಿಟ್ಟು ‘ಆರ್’ ಎಂಬ ಅಕ್ಷರದಿಂದ ಸೂಚಿಸಿದ. ಆಮೇಲೆ 205 ದಂಪತಿಗಳ 928 ಬೆಳೆದ ಮಕ್ಕಳ ಎತ್ತರಗಳನ್ನು ಕಲೆಹಾಕಿದ. ಹೆಣ್ಣುಮಕ್ಕಳ ಎತ್ತರವನ್ನು 1.08ರಿಂದ ಗುಣಿಸಿ ಗಂಡಸರ ಲೆಕ್ಕಕ್ಕೆ ತಂದುಕೊಂಡ ಎಂಬುದೂ ಒಂದು ವಿನೋದ. ಅಲ್ಲಿಯೂ ಅದೇ ಕಥೆ. ತಂದೆತಾಯಿಗಳು ನಡುಮಟ್ಟದಿಂದ ಎಷ್ಟು ದೂರವೋ ಮಕ್ಕಳು ಅದರ ಮೂರರಲ್ಲಿ ಎರಡು ಪಾಲು ಮಾತ್ರ ದೂರ. 1885ರ ಹೊತ್ತಿಗೆ ಹೆಸರು ‘ರಿಗ್ರೆಷನ್’ ಎಂದು ಬದಲಾಯಿತು. ಅಕ್ಷರ ಹೇಗೂ ಹೊಂದಿಕೊಂಡಿತು. 1888ರಲ್ಲಿ ವಿಷಯವೇ ಹಿಗ್ಗಿ, ಪೀಳಿಗೆಯ ಮಾತು ಬಿಟ್ಟು ಮೊಳ ಮೊಳಕಾಲುಗಳ ಮಾತಾದಾಗ, ಜೀವಶಾಸ್ತ್ರಜ್ಞರು ಅಂಗಾಂಗಗಳ ಹೊಂದಾಣಿಕೆಗೆ ಬಳಸುತ್ತಿದ್ದ ಕೋರಿಲೇಷನ್ ಎಂಬ ಮಾತನ್ನೇ ಗಾಲ್ಟನ್ ಎತ್ತಿಕೊಂಡ. ಅಕ್ಷರ ಮಾತ್ರ ‘ಆರ್’ ಆಗಿಯೇ ಉಳಿಯಿತು.

ಕನ್ನಡ ಓದಿದವರಿಗೆ ಇದು ಪರಿಚಿತವಾದ ಸಂಗತಿಯ ತಲೆಕೆಳಗಾದ ರೂಪ. ನಮ್ಮ ಹಳೆಯ ಱ, ೞ ಅಕ್ಷರಗಳು ಬಳಕೆಯಿಂದ ಹೋದವು, ಅವುಗಳನ್ನು ಹೊತ್ತಿದ್ದ ಮಾತುಗಳು ಬೇರೆ ಅಕ್ಷರ ತೊಟ್ಟು ಉಳಿದವು. ಇಲ್ಲಿ ಮಾತು ಹೋಯಿತು, ಅಕ್ಷರ ಉಳಿಯಿತು.

ಗಾಲ್ಟನ್ ಇದನ್ನು ‘ಸಹಸಂಬಂಧದ ಸೂಚಿ’ ಎಂದು ಕರೆದ. ಪ್ಲಿಮತ್ ಕಡಲಿನ ಸೀಗಡಿಗಳನ್ನು ಅಳೆಯುತ್ತಿದ್ದ ವೆಲ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ಗೌರವದಿಂದ ‘ಗಾಲ್ಟನ್ನನ ಫಲನ’ ಎಂದ. 1892ರಲ್ಲಿ ಅರ್ಥಶಾಸ್ತ್ರಜ್ಞ ಎಜ್‌ವರ್ತ್ ‘ಸಹಸಂಬಂಧದ ಗುಣಾಂಕ’ ಎಂದ. ಕಾರ್ಲ್ ಪಿಯರ್ಸನ್ ಬಂದುದು ಇವರೆಲ್ಲರ ತರುವಾಯ. 1896ರಲ್ಲಿ ಅವನು ಇಂದು ನಾವು ಬಳಸುವ ಸೂತ್ರವನ್ನು ಗಟ್ಟಿಯಾಗಿ ನಿಲ್ಲಿಸಿದ. ಪ್ರತಿಯೊಬ್ಬನ ಎತ್ತರ ಸರಾಸರಿಯಿಂದ ಎಷ್ಟು ದೂರ, ಮೊಳ ಸರಾಸರಿಯಿಂದ ಎಷ್ಟು ದೂರ ಎಂದು ನೋಡಿ, ಎರಡು ದೂರಗಳನ್ನೂ ಗುಣಿಸಿ, ಆ ಗುಣಲಬ್ಧಗಳ ಸರಾಸರಿ ತೆಗೆದು, ಅದನ್ನು ಎರಡರ ಹರವುಗಳಿಂದಲೂ ಭಾಗಿಸುವುದು; ಸೂತ್ರವೆಲ್ಲ ಇಷ್ಟೆ. ಗಾಲ್ಟನ್ ಕಾಗದದ ಮೇಲೆ ಚುಕ್ಕೆಯಿಟ್ಟು ಕಣ್ಣಳತೆಯಿಂದ ಗೆರೆಯೆಳೆದು ಪಡೆದುದನ್ನು ಪಿಯರ್ಸನ್ ಯಾವ ಗುಮಾಸ್ತೆಯೂ ಗಣಿಸಬಹುದಾದ ಲೆಕ್ಕವಾಗಿ ಮಾಡಿದ. ಹೆಸರು ಅವನಿಗೆ ಸಂದುದು ಅದಕ್ಕಾಗಿ.

ಇವರೆಲ್ಲರಿಗಿಂತ ಮೊದಲು, 1846ರಲ್ಲಿಯೇ, ಫ್ರಾನ್ಸಿನ ಅಗಸ್ಟ್ ಬ್ರಾವೆ ಎಂಬ ವಿಜ್ಞಾನಿ ಅಳತೆಯ ದೋಷಗಳನ್ನು ಕುರಿತು ಬರೆಯುತ್ತ ಈ ಗಣಿತದ ಹತ್ತಿರವೇ ಬಂದಿದ್ದ. 1896ರಲ್ಲಿ ಪಿಯರ್ಸನ್ ಮೂಲ ಪ್ರಮೇಯಗಳ ಹಿರಿಮೆಯನ್ನು ಬ್ರಾವೆಗೆ ಕೊಟ್ಟ. 1920ರಲ್ಲಿ ಈ ವಿಷಯದ ಇತಿಹಾಸ ಬರೆಯಲು ಕುಳಿತಾಗ ಕೊಟ್ಟದ್ದನ್ನು ಹಿಂದಕ್ಕೆ ಪಡೆದು ಗಾಲ್ಟನ್ನನಿಗೆ ಕೊಟ್ಟ. ಬ್ರಾವೆಯ ಪುಟದಲ್ಲಿ ಸೂತ್ರದ ಬೀಜವಿತ್ತು, ಆದರೆ ‘ಜೊತೆಯಾಗಿ ನಡೆಯುವುದನ್ನು ಅಳೆಯಬೇಕು’ ಎಂಬ ಪ್ರಶ್ನೆಯಿರಲಿಲ್ಲ. ಪ್ರಶ್ನೆ ಕೇಳಿದವನು ಗಾಲ್ಟನ್, ಉತ್ತರವನ್ನು ತಿದ್ದಿ ಕೊಟ್ಟವನು ಪಿಯರ್ಸನ್, ಈಗಿನ ಹೆಸರನ್ನಿಟ್ಟವನು ಎಜ್‌ವರ್ತ್. ಪಠ್ಯಪುಸ್ತಕದಲ್ಲಿ ಉಳಿದುದು ಒಬ್ಬನ ಹೆಸರು. ಆಮೇಲೆ 1904ರಲ್ಲಿ ಸ್ಪಿಯರ್‌ಮನ್ ಅಂಕಿಗಳ ಬದಲು ಅವುಗಳ ದರ್ಜೆಗಳನ್ನು ಹೋಲಿಸುವ ದಾರಿಯನ್ನೂ, 1938ರಲ್ಲಿ ಕೆಂಡಾಲ್ ಇನ್ನೊಂದನ್ನೂ ತೋರಿಸಿದರು. ಅವು ‘ರೋ’, ‘ಟೌ’ ಎಂಬ ಗ್ರೀಕ್ ಅಕ್ಷರಗಳ ಹೆಸರಿನಲ್ಲಿ ನಡೆಯುತ್ತಿವೆ.

ಹುಟ್ಟಿನ ಅಳತೆ

ಇಲ್ಲಿಯವರೆಗಿನ ಕಥೆ ವಿನೋದದ್ದು. ಮುಂದಿನದು ಹಾಗಲ್ಲ. ಗಾಲ್ಟನ್ ಬಟಾಣಿಯನ್ನೂ ಮೊಳವನ್ನೂ ಅಳೆದುದು ಬರಿಯ ಕುತೂಹಲದಿಂದಲ್ಲ. ಮನುಷ್ಯನ ಯೋಗ್ಯತೆ ರಕ್ತದಲ್ಲಿ ಬರುತ್ತದೆ, ಆದುದರಿಂದ ಉತ್ತಮರು ಹೆಚ್ಚಾಗಿ ಹುಟ್ಟುವಂತೆ, ಅಧಮರು ಕಡಿಮೆಯಾಗುವಂತೆ ಸಮಾಜ ಏರ್ಪಾಡು ಮಾಡಬೇಕು ಎಂಬುದು ಅವನ ನಂಬಿಕೆ. ಅದಕ್ಕೆ ‘ಯೂಜೆನಿಕ್ಸ್’ ಎಂಬ ಹೆಸರನ್ನು 1883ರಲ್ಲಿ ಇಟ್ಟವನೂ ಅವನೇ. ಪಿಯರ್ಸನ್ ಅದೇ ವಿಷಯಕ್ಕೆ ಗಾಲ್ಟನ್ನನ ಹಣದಿಂದ ಸ್ಥಾಪಿತವಾದ ಪೀಠದ ಮೊದಲ ಪ್ರಾಧ್ಯಾಪಕ. ಜೊತೆಯಾಗಿ ನಡೆಯುವುದನ್ನು ಅಳೆಯುವ ಈ ಸಾಧನ ಹುಟ್ಟಿದ್ದು ಹುಟ್ಟಿನ ಮೇಲು ಕೀಳುಗಳನ್ನು ಅಳೆಯುವ ಮನೆಯಲ್ಲಿ ಎಂಬುದನ್ನು ನಾವು ಮರೆಯುವಂತಿಲ್ಲ.

ಹುಟ್ಟಿನಿಂದ ಮೇಲು ಕೀಳು ಎಂಬ ಮಾತು ಹೊಸದಲ್ಲದ ನಮ್ಮ ದೇಶಕ್ಕೆ ಈ ಗಾಳಿ ಬೀಸದೆ ಇದ್ದೀತೆ? ಬಂಗಾಳದ ಜಾತಿಗಳನ್ನು ಕುರಿತು 1891ರಲ್ಲಿ ಗ್ರಂಥ ಪ್ರಕಟಿಸಿದ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ, ಜಾತಿಯ ಅಂತಸ್ತು ಏರಿದಂತೆ ಮೂಗಿನ ಅಗಲ ಇಳಿಯುತ್ತದೆ ಎಂದು ಸಾರಿದ. ಇದೂ ಒಂದು ಸಹಸಂಬಂಧದ ಮಾತೇ. ಆದರೆ ಸಂಬಂಧ ಉಂಟೆಂದು ಮೊದಲೇ ನಂಬಿ ಆಮೇಲೆ ಅಳತೆ ಹುಡುಕಿದ್ದು. ಇದೇ ರಿಸ್ಲೆ 1901ರ ಜನಗಣತಿಯ ಮುಖ್ಯಸ್ಥನಾಗಿ ಜಾತಿಗಳನ್ನು ಅಂತಸ್ತಿನ ಕ್ರಮದಲ್ಲಿ ಪಟ್ಟಿಮಾಡಿಸಿದ. ಮದರಾಸು ಆಧಿಪತ್ಯದಲ್ಲಿ ಎಡ್ಗರ್ ಥರ್ಸ್ಟನ್ ಅಳತೆಯ ಕೈವಾರ ಹಿಡಿದು ಊರೂರು ತಿರುಗಿದ. 1932ರಲ್ಲಿ ಜಿ. ಎಸ್. ಘುರ್ಯೆಯವರು ಅದೇ ಅಂಕಿಗಳನ್ನು ಮತ್ತೆ ತೂಗಿ, ಉತ್ತರದ ಒಂದು ಪ್ರದೇಶವನ್ನು ಬಿಟ್ಟರೆ ಉಳಿದೆಡೆ ಈ ಮೂಗಿನ ನಿಯಮ ನಿಲ್ಲುವುದಿಲ್ಲವೆಂದು ತೋರಿಸಿದರು. ಡಾ. ಅಂಬೇಡ್ಕರರು 1948ರಲ್ಲಿ ಘುರ್ಯೆಯವರು ಕೊಟ್ಟ ಅಳತೆಗಳನ್ನೇ ಮುಂದಿಟ್ಟುಕೊಂಡು, ಅಸ್ಪೃಶ್ಯರು ಬೇರೆ ಜನಾಂಗ ಎಂಬ ಮಾತನ್ನು ಅಲ್ಲಗಳೆದರು. ಯಾವ ಅಳತೆಗೋಲಿನಿಂದ ಹೊಡೆದರೋ ಅದೇ ಅಳತೆಗೋಲನ್ನು ಹಿಡಿದು ಎದುರು ನಿಂತ ರೀತಿ ಇದು.

ಅಳತೆಯ ಶಾಸ್ತ್ರವನ್ನೂ ನಮ್ಮವರು ತಿದ್ದಿದರು. ಪ್ರಶಾಂತಚಂದ್ರ ಮಹಲನೋಬಿಸರು 1936ರಲ್ಲಿ ಮಂಡಿಸಿದ ‘ದೂರ’ದ ಕಲ್ಪನೆಯ ತಿರುಳು ನಮ್ಮ ಮೊಳ ಮೊಳಕಾಲಿನ ಉದಾಹರಣೆಯಿಂದಲೇ ತಿಳಿಯುತ್ತದೆ. ಒಂದು ಗುಂಪಿನವರಿಗೆ ಮೊಳವೂ ಉದ್ದ, ಮೊಳಕಾಲೂ ಎತ್ತರ ಎಂದು ಎರಡು ವ್ಯತ್ಯಾಸ ತೋರಿಸಿದರೆ ಅವು ಎರಡಲ್ಲ. ಎರಡೂ ಆಳಿನ ಎತ್ತರದೊಡನೆ ನಡೆಯುವುದರಿಂದ ಒಂದೇ ಸಾಕ್ಷಿ ಎರಡು ಸಲ ನುಡಿದಂತೆ. ಸಹಸಂಬಂಧವನ್ನು ಕಳೆದು ಲೆಕ್ಕ ಹಾಕಿದರೆ ಮಾತ್ರ ಗುಂಪುಗಳ ನಡುವಣ ನಿಜವಾದ ಅಂತರ ತಿಳಿಯುತ್ತದೆ. ಈ ಕೆಲಸವನ್ನು ಬಹುದೂರ ಒಯ್ದವರು ಸಿ. ಆರ್. ರಾಯರು. 1920ರಲ್ಲಿ ಅವರು ಹುಟ್ಟಿದ ಊರು ಹೂವಿನಹಡಗಲಿ, ಆಗ ಬಳ್ಳಾರಿ ಜಿಲ್ಲೆಯದು. ಮೊಳಕಾಲ್ಮುರಿನವರಿಗೆ ಬಳ್ಳಾರಿಯೆಂದರೆ ಗಡಿಯಾಚೆಯ ನೆರೆಮನೆ. ಮಹಲನೋಬಿಸರ ಮಾರ್ಗದಲ್ಲಿ ಕೇಂಬ್ರಿಜ್ಜಿಗೆ ಹೋಗಿ ಪ್ರಾಚೀನ ಎಲುಬುಗಳ ಅಳತೆಗಳನ್ನು ಬಿಡಿಸಿ ನೋಡಿದ ರಾಯರು ಜಗತ್ತಿನ ಹಿರಿಯ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾಗಿ 2023ರಲ್ಲಿ, 102 ವರ್ಷ ತುಂಬಿ, ತೀರಿಕೊಂಡರು. ‘ಕ್ರಾಮೆರ್–ರಾವ್’, ‘ರಾವ್–ಬ್ಲ್ಯಾಕ್‌ವೆಲ್’ ಎಂಬ ಜೋಡಿ ಹೆಸರುಗಳಲ್ಲಿ ಅವರ ಹೆಸರು ಪಠ್ಯಪುಸ್ತಕ ಸೇರಿದೆ.

ಹೆಸರುಗಳು ಹತ್ತುವಂತೆ ಇಳಿಯುವುದೂ ಉಂಟು. 2020ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ತನ್ನ ಕಟ್ಟಡ ಮತ್ತು ಉಪನ್ಯಾಸಮಂದಿರಗಳ ಮೇಲಿದ್ದ ಗಾಲ್ಟನ್, ಪಿಯರ್ಸನ್ ಹೆಸರುಗಳನ್ನು ತೆಗೆದುಹಾಕಿತು. ಗೋಡೆಯ ಹೆಸರು ಹೋಯಿತು, ಗುಣಾಂಕದ ಹೆಸರು ಉಳಿಯಿತು. ಸಾಧನವನ್ನು ಬಿಡಲಾಗದು, ಅದನ್ನು ಮಾಡಿದವನ ಉದ್ದೇಶವನ್ನು ಮರೆಯಲೂ ಆಗದು.

ಮಳೆಯ ಕಥೆ

ಮೊಳದಿಂದ ಹೊರಟ ಈ ಅಳತೆ ಮಳೆಗೆ ಬಂದ ಬಗೆ ನಮ್ಮ ಸೀಮೆಗೆ ಇನ್ನೂ ಹತ್ತಿರದ ಸಂಗತಿ. ಚಳ್ಳಕೆರೆ ಮೊಳಕಾಲ್ಮುರುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಸೇರಿದವು. ಪಶ್ಚಿಮದ ಘಟ್ಟಗಳು ಮುಂಗಾರಿನ ನೀರನ್ನೆಲ್ಲ ತಾವೇ ಹಿಂಡಿಕೊಂಡು ನಮಗೆ ಗಾಳಿಯನ್ನಷ್ಟೇ ಕಳಿಸಿಕೊಡುತ್ತವೆ. ಇಲ್ಲಿನ ಬಡವನ ಬದುಕು ಶೇಂಗಾದ ಮೇಲೆ, ಶೇಂಗಾದ ಬದುಕು ಮಳೆಯ ಮೇಲೆ. ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ತಂದ ಗಿರಣಿಗಳ ಬದುಕೂ ಅದರ ಮೇಲೆಯೇ ನಿಂತದ್ದು. ಹಿರಿಯರು ‘ಧಾತು ಈಶ್ವರ’ ಎಂದು ಕರೆದ 1876–78ರ ಬರದ ಬಳಿಕ ಮೈಸೂರು ಸಂಸ್ಥಾನದ ಜನಸಂಖ್ಯೆ ಎಷ್ಟು ಕುಸಿಯಿತೆಂಬುದನ್ನು ಜನಗಣತಿ ಹೇಳುತ್ತದೆ: 1871ರಲ್ಲಿ ಸುಮಾರು 50 ಲಕ್ಷ, 1881ರಲ್ಲಿ ಸುಮಾರು 42 ಲಕ್ಷ. ಮುಂದಿನ ಮಳೆಯನ್ನು ಮೊದಲೇ ತಿಳಿಯಬಹುದೇ ಎಂಬ ಪ್ರಶ್ನೆ ಇಂಥ ಸಾವುಗಳ ನಡುವೆ ಎದ್ದದ್ದು.

ಭಾರತದ ಹವಾಮಾನ ಇಲಾಖೆ 1875ರಲ್ಲಿ ಆರಂಭವಾಗಿತ್ತು. ಮೈಸೂರು ಸಂಸ್ಥಾನದಲ್ಲಿಯೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ಕರ ಮೇಲ್ವಿಚಾರಣೆಯಲ್ಲಿ 1890ರ ದಶಕದಲ್ಲಿ ವೀಕ್ಷಣಾಲಯಗಳು ನಿಂತವು. ಅವುಗಳಲ್ಲಿ ಒಂದು ನಮ್ಮ ಚಿತ್ರದುರ್ಗದಲ್ಲಿ. 1904ರಲ್ಲಿ ಇಲಾಖೆಯ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್ಜಿನ ಗಣಿತಜ್ಞ. ಹವಾಮಾನದ ವಿಷಯ ಅವನಿಗೆ ಹೊಸದು. ಅದೇ ಅವನಿಗೆ ಅನುಕೂಲವಾಯಿತು. ಮಳೆ ಏಕೆ ಬರುತ್ತದೆಂದು ಊಹಿಸುವ ಬದಲು, ಯಾವ ಯಾವುದರ ಜೊತೆಗೆ ಬರುತ್ತದೆಂದು ಎಣಿಸಲು ಹೊರಟ. ಹಿಮಾಲಯದ ಹಿಮ, ಮಾರಿಷಸ್ಸಿನ ವಾಯುಭಾರ, ಜಾಂಜಿಬಾರಿನ ಮಳೆ, ದಕ್ಷಿಣ ಅಮೆರಿಕದ ವಾಯುಭಾರ, ನೈಲ್ ನದಿಯ ಪ್ರವಾಹ, ಹೀಗೆ ಜಗತ್ತಿನ ಮೂಲೆಮೂಲೆಯ ಅಂಕಿಗಳನ್ನು ತರಿಸಿ, ಪಿಯರ್ಸನ್ನನ ಸೂತ್ರಕ್ಕೆ ಹಾಕಿ, ಭಾರತದ ಮಳೆಯೊಡನೆ ಎಷ್ಟು ಒಡನಡೆಯುತ್ತವೆಂದು ನೋಡಿದ. ಇಂಥ ಗುಣಾಂಕಗಳನ್ನು ಇಲಾಖೆಯ ಭಾರತೀಯ ಗುಮಾಸ್ತರು ಕೈಯಿಂದಲೇ ಗಣಿಸಿದರು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಲಿಪಿಕಾರ ಚಪಡ ತನ್ನ ಹೆಸರನ್ನು ಬಂಡೆಯ ಮೇಲೆಯೇ ಬಿಟ್ಟುಹೋಗಿದ್ದಾನೆ. ಮಳೆಯ ಲಿಪಿಕಾರರಿಗೆ ಆ ಭಾಗ್ಯ ಇರಲಿಲ್ಲ. ಅವರ ಬೆವರಿನ ಮೇಲೆ ನಿಂತ ಹೆಸರು ವಾಕರನದು.

ಈ ಎಣಿಕೆಯಿಂದ ದೊಡ್ಡದೊಂದು ಸತ್ಯ ಹೊರಬಿತ್ತು. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಸಾಗರದ ಮೇಲೆ ಇಳಿಯುತ್ತದೆ, ಅದು ಇಳಿದಾಗ ಇದು ಏರುತ್ತದೆ. ಏತದ ಮರದ ಎರಡು ತುದಿಗಳಂತೆ. 1924ರಲ್ಲಿ ವಾಕರ್ ಇದನ್ನು ‘ದಕ್ಷಿಣದ ಆಂದೋಲನ’ ಎಂದು ಕರೆದ. ಕಾರಣವೇನೆಂದು ಅವನಿಗೆ ತಿಳಿಯಲಿಲ್ಲ. 1969ರಲ್ಲಿ ಬ್ಯರ್ಕ್ನೆಸ್ ಎಂಬ ವಿಜ್ಞಾನಿ ಅದನ್ನು ಪೆರು ತೀರದ ಕಡೆ ಸಮುದ್ರ ಕಾಯುವ ‘ಎಲ್ ನಿನ್ಯೋ’ದೊಡನೆ ಜೋಡಿಸಿದ. ಧಾತು ಈಶ್ವರದ ವರ್ಷಗಳಲ್ಲಿ ಅಂಥದೊಂದು ಪ್ರಬಲ ಎಲ್ ನಿನ್ಯೋ ಇತ್ತೆಂದು ಈಗ ಗೊತ್ತಾಗಿದೆ. ನಮ್ಮ ಹೊಲ ಒಣಗಿದ್ದಕ್ಕೂ ಸಾವಿರಾರು ಮೈಲಿಯಾಚೆಯ ಕಡಲು ಕಾದದ್ದಕ್ಕೂ ಇದ್ದ ನಂಟು ಮೊದಲು ಕಂಡದ್ದು ಕಣ್ಣಿಗಲ್ಲ, ಅಂಕಿಗೆ.

ಹಾಗಾದರೆ ಮಳೆಯ ಗುಟ್ಟು ಬಯಲಾಯಿತೇ? ಇಲ್ಲ. ಅಳತೆಯನ್ನು ಬಳಸುತ್ತಿದ್ದ ವಾಕರನೇ ಅದರ ಅಪಾಯವನ್ನೂ ಕಂಡಿದ್ದ. ನೂರು ಸಂಗತಿಗಳನ್ನು ಮಳೆಯೊಡನೆ ಹೋಲಿಸಿದರೆ ಒಂದೆರಡಾದರೂ ಆಕಸ್ಮಿಕವಾಗಿ ಚೆನ್ನಾಗಿ ಹೊಂದಿಯೇ ಹೊಂದುತ್ತವೆ; ಹೊಂದಿದ್ದನ್ನು ಮಾತ್ರ ಎತ್ತಿ ಹಿಡಿದು ‘ನೋಡಿ’ ಎಂದರೆ ಮೋಸವಾಗುತ್ತದೆ. ಇದಕ್ಕೆ ತಕ್ಕ ಕಠಿಣ ಪರೀಕ್ಷೆ ಬೇಕೆಂದು ಅವನು 1914ರಲ್ಲಿಯೇ ಬರೆದ. ಲಂಡನ್ನಿನಲ್ಲಿ ಉಡ್ನಿ ಯೂಲ್ 1926ರಲ್ಲಿ ಇದನ್ನೇ ನಗುನಗುತ್ತ ತೋರಿಸಿದ. 1866ರಿಂದ 1911ರವರೆಗೆ ಇಂಗ್ಲೆಂಡಿನಲ್ಲಿ ಅಧಿಕೃತ ಚರ್ಚಿನಲ್ಲಿ ನಡೆದ ಮದುವೆಗಳ ಪ್ರಮಾಣವೂ ದೇಶದ ಮರಣಪ್ರಮಾಣವೂ ಒಡನೆ ಇಳಿದವು; ಗುಣಾಂಕ 0.95! ಮೊಳಕ್ಕೂ ಎತ್ತರಕ್ಕೂ ಇರುವ ನಂಟಿಗಿಂತ ಇದು ಗಟ್ಟಿ. ಹಾಗೆಂದು ಚರ್ಚಿನಲ್ಲಿ ಮದುವೆಯಾಗುವುದನ್ನು ಬಿಟ್ಟರೆ ಆಯುಸ್ಸು ಹೆಚ್ಚುತ್ತದೆಂದು ಯಾರೂ ಹೇಳಲಾರರು. ಕಾಲ ಸರಿದಂತೆ ಎರಡೂ ತಮ್ಮ ತಮ್ಮ ಕಾರಣಗಳಿಂದ ಇಳಿದವು, ಅಷ್ಟೆ.

ನಿಜವಾದ ನಂಟುಗಳು ಕೂಡ ಒಂದೇ ಸಮನೆ ಇರುವುದಿಲ್ಲ. 1997ರಲ್ಲಿ ಶತಮಾನದ ಭಾರಿ ಎಲ್ ನಿನ್ಯೋ ಬಂದಾಗ ದೇಶವೆಲ್ಲ ಬರವನ್ನು ನಿರೀಕ್ಷಿಸಿತು; ಮುಂಗಾರು ಸರಾಸರಿಯ 102 ಪಾಲು ಸುರಿಯಿತು. 2002ರಲ್ಲಿ ಸಾಧಾರಣ ಎಲ್ ನಿನ್ಯೋ ಬಂದಾಗ ಮಳೆ ಸರಾಸರಿಯ 81 ಪಾಲಿಗೆ ಇಳಿದು ದೊಡ್ಡ ಬರ ಬಿತ್ತು. ಇವು ನೂರಕ್ಕೆ ಲೆಕ್ಕ ಹಾಕಿದ ಪಾಲುಗಳು, ಅದೂ ಇಡೀ ದೇಶದ ಸರಾಸರಿ. ದೇಶದ ಸರಾಸರಿ ಚಳ್ಳಕೆರೆಯ ಹೊಲದಲ್ಲಿ ಬೀಳುವುದಿಲ್ಲ.

ಇನ್ನೊಂದು ಮಾತು. ಈ ಗುಣಾಂಕಕ್ಕೆ ಕಾಣುವುದು ನೇರವಾದ ಗೆರೆ ಮಾತ್ರ. ಒಂದು ಏರಿದಂತೆ ಇನ್ನೊಂದು ಏರಬೇಕು, ಇಲ್ಲವೇ ಇಳಿಯಬೇಕು. ನಮ್ಮ ಶೇಂಗಾ ಹಾಗೆ ನಡೆಯುವುದಿಲ್ಲ. ಹೂಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ ಬೆಳೆ ಹೋಯಿತು. ಕಿತ್ತು ಒಣಗಹಾಕಿದ ಹೊತ್ತಿಗೆ ಮಳೆ ಹಿಡಿದರೂ ಹೋಯಿತು. ವರ್ಷದ ಒಟ್ಟು ಮಳೆ ಎರಡು ಸಲವೂ ಒಂದೇ ಇರಬಹುದು. ಒಂದು ವರ್ಷ ಕಣಜ ತುಂಬಿದರೆ ಇನ್ನೊಂದು ವರ್ಷ ಸಾಲ ತುಂಬುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರೂ ಅವರ ಸಂಗಡಿಗರೂ ನಮ್ಮ ನೆರೆಯ ಪಾವಗಡ, ಅನಂತಪುರಗಳ ಸೀಮೆಯಲ್ಲಿ ಮಳೆಯನ್ನೇ ನಂಬಿದ ಶೇಂಗಾವನ್ನು ಅಧ್ಯಯನ ಮಾಡಿದಾಗ ರೈತರೊಡನೆ ಕುಳಿತು ಕೇಳಿದ್ದು ಈ ಪ್ರಶ್ನೆಯನ್ನೇ: ಬೆಳೆಯ ಯಾವ ಹಂತಕ್ಕೆ ಒಣದಿನಗಳು ಬರುತ್ತವೆ, ಯಾವಾಗ ಬಿತ್ತಿದರೆ ಅವುಗಳಿಂದ ತಪ್ಪಿಸಿಕೊಳ್ಳಬಹುದು? ಮಳೆಯನ್ನು ನಕ್ಷತ್ರಗಳ ಹೆಸರಿನಿಂದ ಕರೆದು, ಈ ಮಳೆ ಬಿತ್ತನೆಗೆ, ಈ ಮಳೆ ಕಾಯಿಗೆ ಎಂದು ಲೆಕ್ಕ ಹಾಕುವ ರೈತನ ಮಾತಿನಲ್ಲಿಯೂ ಇದೇ ವಿವೇಕ ಅಡಗಿದೆ. ಎಷ್ಟು ಎಂಬುದರ ಜೊತೆಗೆ ಎಂದು ಎಂಬುದನ್ನೂ ಅವನು ಕೇಳುತ್ತಾನೆ.

ನಮ್ಮ ಮಾತಿನಲ್ಲಿ

ಕೊನೆಯದಾಗಿ ನನ್ನ ವೃತ್ತಿಗೆ ಸೇರಿದ ಎರಡು ಮಾತು. ಕೋರಿಲೇಷನ್ನಿಗೆ ನಮ್ಮ ಪಠ್ಯಗಳು ‘ಸಹಸಂಬಂಧ’ ಎನ್ನುತ್ತವೆ. ಅಚ್ಚುಕಟ್ಟಾದ ಮಾತು, ಅದನ್ನು ಬದಲಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ‘ಸಂಬಂಧ’ ಎಂಬ ಮಾತಿಗೆ ಬರಿಯ ನಂಟು ಎಂಬುದಕ್ಕಿಂತ ಹೆಚ್ಚಿನ ಭಾರವಿದೆ. ಸಂಬಂಧ ಬೆಳೆಸುವುದೆಂದರೆ ಹೆಣ್ಣು ಕೊಟ್ಟು ತರುವುದು. ಸಂಬಂಧಿಕರೆಂದರೆ ರಕ್ತಕ್ಕೋ ಮದುವೆಗೋ ಸೇರಿದವರು. ಎರಡು ಅಂಕಿಗಳ ನಡುವೆ ‘ಸಹಸಂಬಂಧ ಉಂಟು’ ಎಂದ ಕೂಡಲೆ ಕೇಳಿದವನ ಮನಸ್ಸು ಅವುಗಳ ನಡುವೆ ಹೊಕ್ಕುಳ ಬಳ್ಳಿಯನ್ನೇ ಕಲ್ಪಿಸಿಕೊಳ್ಳುತ್ತದೆ. ಪತ್ರಿಕೆ ತೆರೆದರೆ ಇಂದು ಇಂಥದೇ ಸುದ್ದಿ: ಇದನ್ನು ತಿನ್ನುವವರಿಗೆ ಆ ರೋಗ ಹೆಚ್ಚು, ಅಲ್ಲಿ ಓದಿದವರಿಗೆ ಸಂಬಳ ಹೆಚ್ಚು, ಇಂಥವರ ಮಕ್ಕಳಿಗೆ ಅಂಕ ಕಡಿಮೆ. ಅದರಲ್ಲಿ ಬಹುಪಾಲು ಸಹಸಂಬಂಧದ ಮಾತು. ಕಾರಣದ ಮಾತು ಸ್ವಲ್ಪ. ಮೂಗನ್ನು ಅಳೆದು ಜಾತಿಯ ಬೆಲೆ ಕಟ್ಟಿದ ಕಾಲಕ್ಕೂ ಅಂಕವನ್ನು ನೋಡಿ ಹುಟ್ಟಿನ ಬೆಲೆ ಕಟ್ಟುವ ಕಾಲಕ್ಕೂ ನಾವು ತಿಳಿದಷ್ಟು ದೂರವಿಲ್ಲ.

ಆದುದರಿಂದ ತರಗತಿಯಲ್ಲಿ ಹುಡುಗರು ಈ ಶಬ್ದದ ಅರ್ಥ ಕೇಳಿದಾಗ ನಾನು ‘ಒಡನಡೆ’ ಎಂದು ಹೇಳಿಕೊಡುತ್ತೇನೆ. ಸಂತೆಯ ದಿನ ಚಳ್ಳಕೆರೆಯ ದಾರಿಯಲ್ಲಿ ಹತ್ತಾರು ಮಂದಿ ಜೊತೆಯಾಗಿ ನಡೆಯುತ್ತಾರೆ. ಕಂಬಳಿ ಮಾರುವವನೊಬ್ಬ, ಕುರಿ ಕೊಳ್ಳುವವನೊಬ್ಬ, ಕೋರ್ಟಿಗೆ ಹೊರಟವನೊಬ್ಬ. ದೂರದಿಂದ ನೋಡಿದವರಿಗೆ ಒಂದೇ ಕುಟುಂಬದಂತೆ ಕಾಣಬಹುದು. ಅವರು ಎಷ್ಟು ಜೊತೆಯಾಗಿ ನಡೆದರೆಂಬುದನ್ನು ಗಾಲ್ಟನ್ನನ ಅಂಕಿ ಹೇಳೀತು. ಏಕೆ ನಡೆದರೆಂಬುದನ್ನು ಅವರನ್ನೇ ಕೇಳಬೇಕು. ಒಡನಡೆದವರೆಲ್ಲ ಒಡಹುಟ್ಟಿದವರಲ್ಲ.